ಕೊನೆಯ ಪುಟದವರೆಗೂ ಹೇಳದ ಹುಡುಗ

ಭಟ್ಕಳದಿಂದ ಕುಮಟಾಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರಿಗೆ ತಡವರಿಸುವವರನ್ನು ಕಂಡರೆ ಆಗುತ್ತಿರಲಿಲ್ಲ. "ಎಲ್ಲಿಗೆ? ಬಾಯಿ ಬಿಟ್ಟು ಹೇಳಿ" ಎಂದು ಸೀಟಿನ ಕಂಬಿ ಕುಟ್ಟುತ್ತಿದ್ದರು. ಆ ಬೇಸಿಗೆ ರಜೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ ನಾನು ಬಸ್ಸಿನಲ್ಲಿ ಒಂದು ಪ್ರೇಮ ಕಾದಂಬರಿ ಓದುತ್ತಿದ್ದೆ. ರಜೆಗೆ ಕಡಲೂರಿಗೆ ಬಂದ ಹುಡುಗ, ಪಕ್ಕದ ಮನೆಯ ಹುಡುಗಿ; ಇಬ್ಬರಿಗೂ ಇಷ್ಟ, ಇಬ್ಬರೂ ಹೇಳುವುದಿಲ್ಲ. ಕಂಡಕ್ಟರಿಗೆ ದಿನಾ ವರದಿ ಬೇಕು.

"ಹೇಳ್ದ್ನಾ ತಂಗಿ?"

"ಇಲ್ಲ ಅಣ್ಣ. ಐಸ್‌ಕ್ರೀಮ್ ಕೊಡ್ಸಿ ವಾಪಸ್ ಹೋದ."

"ಹೇಳೂಕೆ ಎಂತ ರೋಗ ಅವಂಗೆ? ನನ್ನ ಬಸ್ಸಿಗೆ ಹತ್ತಿಸು ಅವನ್ನ."

ಅಪ್ಸರಕೊಂಡ ಕ್ರಾಸಿನಲ್ಲಿ ಹತ್ತಿ ಹೊನ್ನಾವರದಲ್ಲಿ ಇಳಿಯುವ ನರ್ಸ್ ಒಬ್ಬರಿದ್ದರು. ಅವರಿಗಾಗಿ ಕಿಟಕಿ ಸೀಟಿನ ಮೇಲೆ ಕಂಡಕ್ಟರ ಚೀಲ ಭಟ್ಕಳದಿಂದಲೇ ಕೂತಿರುತ್ತಿತ್ತು. ಅವರನ್ನು ಮಾತ್ರ ಏನೂ ಕೇಳದೆ ಟಿಕೆಟ್ ಹರಿದು ಕೊಟ್ಟು, ಕಿವಿ ಕೆಂಪಗೆ ಮಾಡಿಕೊಂಡು ಹಿಂದೆ ಬರುತ್ತಿದ್ದರು.

ಕಾದಂಬರಿ ಮುಗಿದ ದಿನ ನಾನೆಂದೆ, "ಅವ ಹೇಳ್ದ ಅಣ್ಣ, ಕೊನೇ ಪುಟದಲ್ಲಿ. ನೀವು?"

ಕಂಡಕ್ಟರು ಕಾಲರ್ ಸರಿಮಾಡಿಕೊಂಡು ನರ್ಸಿನ ಸೀಟಿನ ಪಕ್ಕ ಹೋಗಿ ನಿಂತರು. ಶರಾವತಿ ಸೇತುವೆ ಮುಗಿಯುತ್ತ ಬಂತು, ಆಚೆ ದಡವೇ ಹೊನ್ನಾವರ. ಆಗ ಬಾಯಿ ಬಿಟ್ಟರು.

"ಎಲ್ಲಿಗೆ?"

ಅವರೇ ಆಗಷ್ಟೇ ಕೊಟ್ಟಿದ್ದ ಟಿಕೆಟ್ಟನ್ನು ನರ್ಸ್ ಎತ್ತಿ ತೋರಿಸಿದರು.