ಮೊಸೆಲ್ ದಂಡೆಯ ಕಲ್ಲು

ಶುಕ್ರವಾರ, ಸಂಜೆ ಆರು ಗಂಟೆ. ದೋಹಾದ ಅಬು ಹಮೂರಿನಲ್ಲಿರುವ ನಮ್ಮ ಮನೆಯ ಅಡುಗೆಕೋಣೆ. ಅಲ್ಲಿದ್ದವರು ನಾನು, ನನ್ನ ಹೆಂಡತಿ ಲೀನಾ, ಪಕ್ಕದ ಮನೆಯ ಹಮೀದ್. ಮೂವರಲ್ಲಿ ಯಾರೂ ಕುಡಿದಿರಲಿಲ್ಲ, ಯಾರಿಗೂ ಜ್ವರವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆಗಳು ಅವೇ.

ನಾನು ಇಂಥದ್ದನ್ನು ನಂಬಿದವನಲ್ಲ. ಇಲ್ಲಿನ ಒಂದು ಹೋಟೆಲಿನಲ್ಲಿ ವೈನ್ ದಾಸ್ತಾನಿನ ಉಸ್ತುವಾರಿ ನನ್ನ ಕೆಲಸ. ಬೆಳಿಗ್ಗೆ ಬಾಗಿಲು ತೆರೆದೊಡನೆ ಕೋಣೆಯ ಉಷ್ಣತೆ ನೋಡಬೇಕು, ಸಂಜೆ ಬೀಗ ಹಾಕುವ ಮೊದಲು ಮತ್ತೊಮ್ಮೆ ನೋಡಬೇಕು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲಿದ್ದರೂ ಒಳಗೆ ಬಾಟಲಿಗಳು ತಂಪಾಗಿ ಮಲಗಿರಬೇಕು. ಚಿಕ್ಕಂದಿನಲ್ಲಿ ಬೋರ್ಡಿಂಗಿನ ಪಾದ್ರಿಗಳು ಗಂಟೆ ಹೊಡೆದು ಕಲಿಸಿದ ಶಿಸ್ತು ಈ ಕೆಲಸಕ್ಕೆ ಸರಿಯಾಗಿ ಒದಗಿತು. ದೇವರೊಬ್ಬನನ್ನು ಬಿಟ್ಟರೆ, ಅಳೆಯಲು ಬಾರದ ಯಾವುದಕ್ಕೂ ನಾನು ತಲೆ ಕೆಡಿಸಿಕೊಂಡವನಲ್ಲ.

ನಮ್ಮ ಒಬ್ಬಳೇ ಮಗಳು ರೀಮಾ ನನ್ನ ದಾರಿಯನ್ನೇ ಹಿಡಿದಳು. ಬೇರೊಂದು ಹೋಟೆಲಿನ ಊಟದ ಸಭಾಂಗಣದಲ್ಲಿ, ಯಾವ ಊಟಕ್ಕೆ ಯಾವ ವೈನ್ ಎಂದು ಅತಿಥಿಗಳಿಗೆ ಹೇಳಿ ಬಡಿಸುವ ಕೆಲಸ ಅವಳದು. ಒಂದು ವರ್ಷ ಹೋಟೆಲಿನವರು ಅವಳನ್ನು ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಜರ್ಮನಿಯ ಮೊಸೆಲ್ ನದಿಯ ಕಣಿವೆಗೆ ಕಳಿಸಿದರು. ಹಿಂದಿರುಗಿದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

"ಪಪ್ಪಾ, ಅಲ್ಲಿ ತೋಟಕ್ಕೆ ಹೋಗುವುದು ಅಂತ ಇಲ್ಲ, ತೋಟ ಹತ್ತುವುದು. ಕಾಲು ಜಾರಿದರೆ ಬುಟ್ಟಿ ಸಮೇತ ನದಿಗೆ."

ಆ ಬಾಟಲಿಗಳನ್ನು ನಾನು ವರ್ಷಗಟ್ಟಲೆ ಜೋಡಿಸಿಟ್ಟಿದ್ದೆ. ಆ ಮಣ್ಣಿನ ವಿಷಯ ಕೇಳಿ ತಿಳಿದದ್ದು ಅವಳಿಂದ. ಅದು ದ್ರಾಕ್ಷಿ ಹಣ್ಣಾಗುವುದೇ ಕಷ್ಟವೆನ್ನುವಷ್ಟು ಚಳಿಯ ಸೀಮೆ. ನದಿ ಹಾವಿನಂತೆ ಬಳುಕುತ್ತ ಹೋಗುತ್ತದೆ. ಬಿಸಿಲಿಗೆ ಮುಖ ಮಾಡಿದ ಕಡಿದಾದ ಇಳಿಜಾರುಗಳಲ್ಲಿ ಮಾತ್ರ ಒಳ್ಳೆಯ ತೋಟಗಳು. ಒಂದೊಂದು ಬಳ್ಳಿಗೂ ಒಂದೊಂದು ಗೂಟ, ಕೊಂಬೆಯನ್ನು ಬಗ್ಗಿಸಿ ಹೃದಯದ ಆಕಾರದಲ್ಲಿ ಕಟ್ಟುತ್ತಾರೆ. ನದಿಯ ನೀರು ಬೆಳಕನ್ನು ಮೇಲಕ್ಕೆ ಎರಚುತ್ತದೆ. ನೆಲದ ತುಂಬ ಸ್ಲೇಟ್ ಕಲ್ಲಿನ ಚೂರುಗಳು, ನಾವು ಶಾಲೆಯಲ್ಲಿ ಬಳಪ ಹಿಡಿದು ಬರೆಯುತ್ತಿದ್ದೆವಲ್ಲ, ಅದೇ ಕಲ್ಲು. ಹಗಲಿಡೀ ಬಿಸಿಲನ್ನು ಹೀರಿ ರಾತ್ರಿ ಬಳ್ಳಿಯ ಬುಡಕ್ಕೆ ಬಿಸಿ ಕೊಡುವುದು ಅದರ ಕೆಲಸ. ಮಳೆಗೆ ಕಲ್ಲುಗಳು ಕೆಳಗೆ ಕೊಚ್ಚಿಹೋದರೆ ರೈತರು ಹೊತ್ತು ಮತ್ತೆ ಮೇಲಕ್ಕೆ ಹಾಕುತ್ತಿದ್ದರಂತೆ. ಹೀಗೆ ನಿಧಾನವಾಗಿ, ಚಳಿ ಕಾಲಿಡುವವರೆಗೂ ಕಾದು ಹಣ್ಣಾಗುವುದರಿಂದಲೇ ಅಲ್ಲಿನ ರೀಸ್ಲಿಂಗ್ ವೈನಿನಲ್ಲಿ ಹುಳಿಯೂ ಸಿಹಿಯೂ ಒಂದನ್ನೊಂದು ಬಿಡದೆ ಇರುತ್ತವೆ, ಅಮಲು ಕಡಿಮೆ.

ತೋಟದ ಮುದುಕಿಯೊಬ್ಬಳು ಅವಳಿಗೆ ಅಂಗೈಯಗಲದ ಒಂದು ಕಲ್ಲನ್ನು ಕೊಟ್ಟಿದ್ದಳು. ಅದನ್ನು ನೋಡಿ ಹಮೀದ್ ನಕ್ಕಿದ್ದರು. ಅವರು ಉಳ್ಳಾಲದ ಕಡೆಯವರು, ವಾಹನದ ಬಿಡಿಭಾಗಗಳ ವ್ಯಾಪಾರ.

"ಅಷ್ಟು ದೂರ ಹೋಗಿ ಕಲ್ಲು ತಂದದ್ದಾ ಮಗಳೇ? ಕತಾರಿನಲ್ಲಿ ಕಲ್ಲಿಗೆ ಬರಗಾಲವಾ?"

"ಇದು ಹಲಾಲ್ ಕಲ್ಲು ಹಮೀದ್ ಅಂಕಲ್. ನೀವೂ ಮುಟ್ಟಬಹುದು."

ಅದರ ಮರುವರ್ಷ ಅವಳಿಗೆ ಕಾಯಿಲೆ ಬಂತು. ಔಷಧಿ ಶುರುವಾದ ಮೇಲೆ ಮೊದಲು ಹೋದದ್ದು ವಾಸನೆ. ಮೂಗನ್ನೇ ನಂಬಿ ಬದುಕುವ ಹುಡುಗಿಗೆ ಕಾಫಿಗೂ ನೀರಿಗೂ ವ್ಯತ್ಯಾಸ ತಿಳಿಯದಾಯಿತು. ಅದನ್ನವಳು ಹೇಗೋ ಸಹಿಸಿಕೊಂಡಳು. ಸಹಿಸಲಾಗದೆ ಹೋದದ್ದು ಚಳಿ. ಜೂನ್ ತಿಂಗಳ ದೋಹಾದಲ್ಲಿ ಎ.ಸಿ. ಆರಿಸಿ ನಾವಿಬ್ಬರೂ ಬೆವರುತ್ತ ಕೂತಿದ್ದರೂ ಅವಳ ಕೈಗಳು ತಣ್ಣಗೆ ಕೊರೆಯುತ್ತಿದ್ದವು.

"ಆ ಕಲ್ಲನ್ನು ಬಾಲ್ಕನಿಯಲ್ಲಿ ಬಿಸಿಲಿಗೆ ಇಡಿ ಪಪ್ಪಾ," ಎಂದಳು ಒಂದು ದಿನ. "ಸಂಜೆ ನನಗೆ ಕೊಡಿ. ಬಳ್ಳಿಗೆ ಮಾಡುವ ಕೆಲಸ ನನಗೂ ಸ್ವಲ್ಪ ಮಾಡಲಿ."

ಅಂದಿನಿಂದ ಅದು ನಮ್ಮ ಮನೆಯ ನಿಯಮವಾಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾನು ಕಲ್ಲನ್ನು ಹೊರಗಿಡುವುದು, ಹೊತ್ತು ಇಳಿದ ಮೇಲೆ ಲೀನಾ ಅದನ್ನು ಒಳಗೆ ತಂದು, ಚರ್ಮ ಸುಡದಷ್ಟು ಆರಿಸಿ, ಉಣ್ಣೆಯ ಕಾಲುಚೀಲದಲ್ಲಿ ಹಾಕಿ ಅವಳ ಕೈಗೆ ಕೊಡುವುದು. ನಾವಿಬ್ಬರೂ ಇಲ್ಲದ ದಿನ ಹಮೀದ್ ಬಂದು ಕೊಡುತ್ತಿದ್ದರು. ಅವಳು ಎರಡೂ ಕೈಗಳಲ್ಲಿ ಅದನ್ನು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು.

ಒಂದು ರಾತ್ರಿ ಉಸಿರಾಟ ಕಷ್ಟವಾಗಿ ಆಂಬ್ಯುಲೆನ್ಸ್ ಕರೆಸಿದೆವು. ಮರುದಿನ ಆಸ್ಪತ್ರೆಯಲ್ಲಿ ಕಣ್ಣು ತೆರೆದವಳು ಕೇಳಿದ್ದು ಒಂದೇ. "ಕಲ್ಲು ತಂದ್ರಾ?"

ನಾನು ಮನೆಗೆ ಓಡಿ ಬಂದೆ. ಹಾಸಿಗೆ, ಬಾಲ್ಕನಿ, ಬಟ್ಟೆಯ ಕಪಾಟು, ಕಸದ ಡಬ್ಬಿ ಎಲ್ಲವನ್ನೂ ಜಾಲಾಡಿದೆ. ಹಮೀದ್ ಬಂದು ಸೋಫಾ ಎತ್ತಿ ನೋಡಿದರು. ಕಲ್ಲು ಸಿಗಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ. "ನಾಳೆ ಖಂಡಿತ ತರ್ತೇವೆ ಮಗಾ," ಎಂದು ಲೀನಾ ಹೇಳಿದಳು. ಆ ಸಂಜೆಯಿಡೀ ಅವಳ ಒಂದು ಕೈಯನ್ನು ನಾನು, ಇನ್ನೊಂದನ್ನು ಲೀನಾ ಹಿಡಿದು ಉಜ್ಜಿದೆವು, ಬಾಯಿಯ ಬಿಸಿಯುಸಿರು ಊದಿದೆವು. ಬೆಚ್ಚಗಾಗಲಿಲ್ಲ. ಬೆಳಗಾಗುವ ಮೊದಲೇ ಅವಳು ಹೋದಳು.

ಮಂಗಳೂರಿನಲ್ಲಿ ಮಣ್ಣು ಮಾಡಿ, ಚರ್ಚಿನಲ್ಲಿ ತಿಂಗಳ ಪೂಜೆ ಮುಗಿಸಿ ನಾವು ದೋಹಾಕ್ಕೆ ಮರಳಿದೆವು. ಮನೆಯ ಕೀಲಿ ಹಮೀದರ ಹತ್ತಿರವಿತ್ತು. ಅವರು ಗಿಡಗಳಿಗೆ ನೀರು ಹಾಕಿದ್ದು ಬಿಟ್ಟರೆ ಯಾವುದನ್ನೂ ಮುಟ್ಟಿರಲಿಲ್ಲ. ಮರಳಿದ ಮೇಲಿನ ಮೊದಲ ಶುಕ್ರವಾರ ಚರ್ಚಿಗೆ ಹೋಗಿ ಬಂದೆವು. ಸಂಜೆ ಲೀನಾ ತಾನಾಗಿಯೇ, "ಅವಳ ಮದ್ದುಗಳನ್ನು ಇವತ್ತು ತೆಗೆಯುವ," ಎಂದಳು. ಹಮೀದ್ ಆಗಷ್ಟೇ ತಮ್ಮ ಮನೆಯಿಂದ ಪತ್ತಿರ್ ರೊಟ್ಟಿ, ಕೋಳಿ ಸಾರು ತಂದಿದ್ದರು.

ನಾನು ಫ್ರಿಜ್ಜು ತೆರೆದು ಕೆಳಗಿನ ಡ್ರಾಯರ್ ಎಳೆದೆ. ಇಂಜೆಕ್ಷನ್ನಿನ ಪೊಟ್ಟಣಗಳು. ಅವುಗಳ ಹಿಂದೆ, ಹಾಸಿಗೆಯ ಪಕ್ಕ ಇರುತ್ತಿದ್ದ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಮದ್ದಿನ ಬಾಟಲಿಯ ಪಕ್ಕ ಬೂದು ಬಣ್ಣದ ಕಾಲುಚೀಲ.

ಲೀನಾ ನೋಡಿದಳು. ನೋಡಿದವಳು ಅಲ್ಲೇ ನೆಲದ ಮೇಲೆ ಕೂತಳು.

"ನಾನೇ ಇಟ್ಟದ್ದು. ಆಂಬ್ಯುಲೆನ್ಸ್ ಬಂದಾಗ ಮದ್ದು ಹಾಳಾಗ್ತದೆ ಅಂತ ತಟ್ಟೆ ಸಮೇತ ನೂಕಿದ್ದು ನಾನೇ. ಅವಳು ಕಲ್ಲು ಕಲ್ಲು ಅನ್ನುವಾಗ ಇದು ಇಲ್ಲಿ ಥಂಡಿಯಲ್ಲಿ ಕೂತಿತ್ತು."

ಅವಳ ಕಣ್ಣಿಂದ ಅದನ್ನು ಮರೆಮಾಡಬೇಕೆಂದು ನಾನು ಬೇಗನೆ ಕಾಲುಚೀಲಕ್ಕೆ ಕೈ ಹಾಕಿದೆ. ಕಲ್ಲು ಬೆಚ್ಚಗಿತ್ತು.

ಬಾಲ್ಕನಿಯಿಂದ ತಂದು ಸ್ವಲ್ಪ ಆರಿಸಿದ ಮೇಲೆ ಇರುತ್ತಿತ್ತಲ್ಲ, ಅಷ್ಟೇ ಬಿಸಿ. ನನ್ನ ಕೈಯದೇ ತಪ್ಪು ಎಂದುಕೊಂಡೆ. ಪಕ್ಕದ ಪೊಟ್ಟಣ ಮುಟ್ಟಿದೆ, ತಣ್ಣಗಿತ್ತು. ತಟ್ಟೆ ಮುಟ್ಟಿದೆ, ಬೆರಳು ಹಿಂದೆಗೆಯುವಷ್ಟು ಥಂಡಿ. ಕಲ್ಲನ್ನು ಕಾಲುಚೀಲದ ಸಮೇತ ಹಮೀದರ ಕೈಗಿಟ್ಟೆ.

"ಬಿಸಿ ಉಂಟಲ್ಲ ಪೊರ್ಬುಗಳೇ," ಎಂದರು ಅವರು. ಕರಾವಳಿಯಲ್ಲಿ ನಮ್ಮ ಕ್ರೈಸ್ತರನ್ನು ಕರೆಯುವ ಹಾಗೆಯೇ ಅವರು ನನ್ನನ್ನು ಕರೆಯುವುದು. "ಬಿಸಿಲಿಗೆ ಇಟ್ಟಿದ್ರಾ?"

"ಫ್ರಿಜ್ಜಿನಿಂದ ತೆಗೆದದ್ದು. ನಿಮ್ಮ ಕಣ್ಣೆದುರೇ."

"ಮಾಫಿ, ಮಾಫಿ. ಇಲ್ಲವೇ ಇಲ್ಲ. ಅದು ಹೇಗಾಗ್ತದೆ ಮಾರಾಯ್ರೆ?" ಎನ್ನುತ್ತ ಡ್ರಾಯರಿನೊಳಗೆ ಕೈಯಿಟ್ಟು ನೋಡಿದರು. ಲೀನಾಳ ಎದುರು ಮಂಡಿಯೂರಿ, "ತಕೊಳ್ಳಿ ಬಾಯಮ್ಮ," ಎಂದು ಎರಡೂ ಕೈಗಳಿಂದ ಕೊಟ್ಟರು.

ಲೀನಾ ಅದನ್ನು ಕಾಲುಚೀಲದಿಂದ ಹೊರತೆಗೆದು ಕೆನ್ನೆಗೆ ಒತ್ತಿ ಹಿಡಿದಳು. ನಾನು ಒಳಗೆ ಹೋಗಿ ನನ್ನ ಚೀಲದಿಂದ ದಾಸ್ತಾನು ಕೋಣೆಯ ಉಷ್ಣಮಾಪಕವನ್ನು ತಂದೆ. ಅದನ್ನು ನೋಡಿದ್ದೇ ಅವಳು ಕಲ್ಲನ್ನು ಎದೆಗವಚಿಕೊಂಡಳು.

"ಬೇಡ."

"ಒಂದೇ ನಿಮಿಷ ಲೀನಾ. ಎಷ್ಟಿದೆ ಅಂತ ಗೊತ್ತಾಗಬೇಕಲ್ಲ."

"ಗೊತ್ತಾಗುವುದು ಬೇಡ. ಇಷ್ಟು ತಿಂಗಳು ಅವಳ ಜ್ವರ ನೋಡಿ ನೋಡಿ ಸಾಕಾಗಿದೆ ನನಗೆ. ಇದಕ್ಕೆ ನೋಡಬೇಡಿ."

ಹಮೀದ್ ನನ್ನ ಮಣಿಕಟ್ಟು ಹಿಡಿದರು. "ಬಿಡಿ ಪೊರ್ಬುಗಳೇ. ಖಲಾಸ್."

ನಾನು ಬಿಟ್ಟೆ. ಜೀವಮಾನವಿಡೀ ಶಾಖ ಅಳೆದವನ ಬಳಿ ಆ ಸಂಜೆಯ ಒಂದು ಅಂಕಿಯೂ ಇಲ್ಲ. ಹೊರಗೆ ಮಸೀದಿಯ ಮಗ್ರಿಬ್ ಬಾಂಗ್ ಮುಗಿಯುವ ಹೊತ್ತಿಗೆ ಮತ್ತೊಮ್ಮೆ ಮುಟ್ಟಿ ನೋಡಿದೆ. ಉಳಿದಿದ್ದ ಬಿಸಿ ಕಲ್ಲಿನದೋ ಲೀನಾಳ ಕೈಯದೋ ಹೇಳಲಾಗಲಿಲ್ಲ.

ಫ್ರಿಜ್ಜಿನ ಮೋಟಾರಿನ ಕಾವು ತಗುಲಿತೇ ಎಂದು ಆಮೇಲೆ ಯೋಚಿಸಿದ್ದೇನೆ. ಹಾಗಿದ್ದರೆ ತಟ್ಟೆ ಬಿಸಿಯಾಗಬೇಕಿತ್ತು. ಲೀನಾ ಊರಿಗೆ ಹೋಗಿದ್ದಾಗ ಕಲ್ಲನ್ನು ಅದೇ ಚೀಲದಲ್ಲಿ, ಅದೇ ಜಾಗದಲ್ಲಿ ಒಂದು ದಿನ ಇಟ್ಟು ನೋಡಿದೆ. ಎಲ್ಲ ಕಲ್ಲುಗಳ ಹಾಗೆ ತಣ್ಣಗಾಯಿತು. ಮೂವರಿಗೂ ಒಮ್ಮೆಗೇ ಭ್ರಮೆ ಹಿಡಿಯಿತೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಲೀನಾ ಮಾತ್ರ ಆ ದಿನದ ನಂತರ "ನಾನೇ ಇಟ್ಟದ್ದು" ಎಂಬ ಮಾತನ್ನು ಮತ್ತೆ ಆಡಿಲ್ಲ. ಆ ನೆಮ್ಮದಿ ನನಗೆ ಸಿಕ್ಕಿಲ್ಲ. ಆ ಬಿಸಿ ಎಲ್ಲಿಂದ ಬಂದದ್ದಾದರೂ, ಬರುವಾಗ ತಡವಾಗಿತ್ತು. ನಾನು ಹಿಡಿದಿದ್ದ ಕೈ ಕೊನೆಯವರೆಗೂ ತಣ್ಣಗೇ ಇತ್ತು.

ಆ ಸಂಜೆ ಹಮೀದ್ ನಮಾಜಿಗೆಂದು ಎದ್ದು ಹೋದರು. ಲೀನಾ ಕಲ್ಲನ್ನು ಹಿಡಿದುಕೊಂಡೇ ಕೋಣೆಗೆ ಹೋಗಿ ಮಲಗಿದಳು. ನಾನು ಮದ್ದುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಆಸ್ಪತ್ರೆಗೆ ಹಿಂದಿರುಗಿಸಲು ಬಾಗಿಲ ಬಳಿ ಇಟ್ಟೆ. ಡ್ರಾಯರನ್ನು ಹೊರಗೆಳೆದು ಸೋಪು ಹಾಕಿ ತೊಳೆದೆ. ಒಣ ಬಟ್ಟೆಯಿಂದ ಮೂಲೆಗಳನ್ನೂ ಒರೆಸಿ, ಜಾಗದಲ್ಲಿ ಕೂರಿಸಿ, ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಎಳೆದು ನೋಡಿದೆ.