ಟ್ಯಾಂಕಿನ ಹಲ್ಲುಚಕ್ರ ಯಾವ ಕಡೆಗೆ

ಆಗ ಹೆಬ್ಬಾಳ ದಾಟಿದರೆ ಬೆಂಗಳೂರು ಮುಗಿಯುತ್ತಿತ್ತು. ಬಳ್ಳಾರಿ ರಸ್ತೆಯ ಎರಡೂ ಕಡೆ ರಾಗಿ ಹೊಲ, ನಡುನಡುವೆ ದ್ರಾಕ್ಷಿ ತೋಟ. ಕೆಂಪಾಪುರದ ನಮ್ಮ ಮನೆಯಿಂದ ಹೆಬ್ಬಾಳದ ಶಾಲೆಗೆ ನಡೆದೇ ಹೋಗುತ್ತಿದ್ದೆವು. ದಾರಿಯಲ್ಲಿ ಎದುರಾಗುವ ಬಸ್ಸು ಲಾರಿಗಳನ್ನು ಎಣಿಸುವುದು ನಮ್ಮ ಆಟವಾಗಿತ್ತು. ಶಾಲೆ ತಲುಪುವಷ್ಟರಲ್ಲಿ ಎರಡೂ ಕೈಯ ಬೆರಳು ಮುಗಿದರೆ ಅದು ದೊಡ್ಡ ದಿನ.

1965ರ ಸೆಪ್ಟೆಂಬರಿನಲ್ಲಿ ನಾನು ಆರನೇ ಕ್ಲಾಸಿನಲ್ಲಿದ್ದೆ. ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿತ್ತು. ಯುದ್ಧ ಬಹಳ ದೂರದಲ್ಲಿತ್ತು, ಆದರೆ ಅದರ ಮಾತು ನಮ್ಮ ಬೀದಿಯವರೆಗೂ ಬಂದಿತ್ತು. ಹುಡುಗರು ಸೀಮೆಎಣ್ಣೆ ಡಬ್ಬಕ್ಕೆ ಹಗ್ಗ ಕಟ್ಟಿ ಎಳೆದರೆ ಅದು ನಮ್ಮ ಟ್ಯಾಂಕು. ಎದುರಿಗೆ ಎಮ್ಮೆ ಬಂದರೆ ಅದು ಶತ್ರುವಿನ ಟ್ಯಾಂಕು. ಎಮ್ಮೆ ಒಂದು ಸಲವೂ ಸೋಲಲಿಲ್ಲ.

ನಿಜವಾದ ಟ್ಯಾಂಕನ್ನು ಕಂಡವನು ಊರಿನಲ್ಲಿ ಒಬ್ಬನೇ ಇದ್ದ. ಅವನು ಅಪ್ಪನ ತಮ್ಮ, ಮುನಿಯಪ್ಪ ಚಿಕ್ಕಪ್ಪ. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿ ಬರ್ಮಾಕ್ಕೆ ಹೋಗಿದ್ದ. ಗುಂಡು ಹಾರಿಸಿದವನಲ್ಲ. ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತಂದು ರಿಪೇರಿ ಮಾಡುವ ದಳದಲ್ಲಿ ಮೆಕ್ಯಾನಿಕ್ ಆಗಿದ್ದ. ಯುದ್ಧ ಮುಗಿದು ಊರಿಗೆ ಬಂದ ಮೇಲೆ ದ್ರಾಕ್ಷಿ ತೋಟಗಳ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದ. ಮದುವೆ ಮಾಡಿಕೊಂಡಿರಲಿಲ್ಲ. ಮಾತು ಕಡಿಮೆ.

ಆ ಕಡಿಮೆ ಮಾತಿನಲ್ಲೇ ಒಂದು ಎಡವಟ್ಟು ಆಗಿತ್ತು. ಹೆಬ್ಬಾಳದ ರಸ್ತೆಯಲ್ಲಿ ಗುಂಡಣ್ಣನ ಸೈಕಲ್ ಅಂಗಡಿ ಇತ್ತು. ಅಲ್ಲಿ ಯಾವಾಗಲೋ ಮಾತಿಗೆ ಮಾತು ಬಂದಾಗ, ತಾನು ರಿಪೇರಿ ಮಾಡುತ್ತಿದ್ದ ಷರ್ಮನ್ ಟ್ಯಾಂಕಿನಲ್ಲಿ ಐದು ಕಾರಿನ ಎಂಜಿನ್‌ಗಳನ್ನು ಒಟ್ಟಿಗೆ ಬಿಗಿದಿದ್ದರು ಎಂದು ಚಿಕ್ಕಪ್ಪ ಹೇಳಿದ್ದ. ಒಂದು ಗಾಡಿಗೆ ಐದು ಎಂಜಿನ್! ಅಂದಿನಿಂದ ಅವನ ಹೆಸರು ಐದಿಂಜಿನ್ ಮುನಿಯಪ್ಪ.

ಇಲ್ಲೇ ಹೇಳಿಬಿಡುತ್ತೇನೆ, ಅದು ನಿಜ. ಪತ್ರಿಕೆಯ ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ ಕಚೇರಿಯ ಗ್ರಂಥಾಲಯದಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ. ಷರ್ಮನ್ ಅಮೆರಿಕದವರ ಟ್ಯಾಂಕು. ಅವಸರದಲ್ಲಿ ಸಾವಿರಾರು ಕಟ್ಟಬೇಕಿತ್ತು, ಅಷ್ಟು ದೊಡ್ಡ ಎಂಜಿನ್ ಸಾಕಷ್ಟು ಇರಲಿಲ್ಲ. ಆದ್ದರಿಂದ ಅದರ ಒಂದು ಬಗೆಯಲ್ಲಿ ಐದು ಕಾರಿನ ಎಂಜಿನ್‌ಗಳನ್ನು ಸುತ್ತ ಜೋಡಿಸಿ ಒಂದು ಮಾಡಿದ್ದರು. ಆದರೆ 1965ರಲ್ಲಿ ನನ್ನ ಬಳಿ ಗ್ರಂಥಾಲಯ ಇರಲಿಲ್ಲ. ಶಾಲೆಗೆ ಹೋಗುವಾಗ ಗುಂಡಣ್ಣ ಪಂಕ್ಚರ್ ಹಾಕುತ್ತಾ ಕೂಗುತ್ತಿದ್ದ:

“ಏನಮ್ಮಾ, ನಿಮ್ಮ ಚಿಕ್ಕಪ್ಪ ಯುದ್ಧಕ್ಕೆ ಹೋಗ್ಲಿಲ್ವಾ? ಆರನೇ ಇಂಜಿನ್ ಹುಡುಕ್ತಾ ಇದ್ದಾನಾ?”

ಅಂಗಡಿ ಮುಂದೆ ನಿಂತವರು ನಗುತ್ತಿದ್ದರು. ನಾನು ತಲೆ ಬಗ್ಗಿಸಿ ನಡೆಯುತ್ತಿದ್ದೆ.

ಅದೇ ತಿಂಗಳ ಕೊನೆಗೆ ಯುದ್ಧ ನಿಂತಿತು. ದಸರಾ ರಜೆ ಬಂತು. ಅಪ್ಪ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ಕೆಲಸ ಕಲಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಹೊರಡುವಾಗ ಮಗನ ಆಟದ ಸಾಮಾನನ್ನೆಲ್ಲ ಹಂಚಿದರಂತೆ. ಅಪ್ಪನ ಪಾಲಿಗೆ ಒಂದು ಷೂ ಡಬ್ಬ ಬಂದಿತ್ತು. ತೆಗೆದರೆ ಒಳಗೆ ಹಸಿರು ಪ್ಲಾಸ್ಟಿಕ್ಕಿನ ಕಡ್ಡಿಗಳು, ಕಡ್ಡಿಗಳಿಗೆ ಕಾಯಿ ಬಿಟ್ಟ ಹಾಗೆ ಚಕ್ರ, ತಗಡು, ಕೊಳವೆ. ಜೊತೆಗೆ ಜೋಡಿಸುವ ಕ್ರಮ ತೋರಿಸುವ ಚಿತ್ರದ ಹಾಳೆ, ಅದರಲ್ಲೂ ಅರ್ಧ ಹರಿದು ಹೋಗಿತ್ತು. ಉಳಿದ ಅರ್ಧದಲ್ಲಿ ಒಂದು ಟ್ಯಾಂಕಿನ ತೋಪಿನ ಗೋಪುರ ಮಾತ್ರ.

ಚಿಕ್ಕಪ್ಪ ಒಂದು ಚಕ್ರ ಎತ್ತಿ ಬೆಳಕಿಗೆ ಹಿಡಿದ. ಸುತ್ತ ಹಲ್ಲುಗಳಿದ್ದ ಚಕ್ರ ಅದು. ಅವನ ಮುಖ ಬದಲಾಯಿತು.

“ಅಮ್ಮಣ್ಣಿ, ಇದು ಷರ್ಮನ್ನು ಕಣೇ.”

“ಹೆಂಗ್ ಗೊತ್ತು?”

“ನಮ್ಮೆತ್ತು ನಮಗೆ ಗೊತ್ತಾಗಲ್ವಾ?”

ಮುಂದಿನ ಎಂಟು ದಿನ ನಮ್ಮ ಜಗಲಿ ವರ್ಕ್‌ಶಾಪ್ ಆಯಿತು. ಅಜ್ಜಿ ಒಳಗೆ ಹಸಿ ಕಡಲೆಕಾಯಿ ಬೇಯಿಸುತ್ತಿದ್ದಳು, ಉಪ್ಪುನೀರಿನ ಆವಿಯ ವಾಸನೆ ಜಗಲಿಗೆ ಬರುತ್ತಿತ್ತು. ಅವಳ ಮೊರವನ್ನು ಕೇಳದೆ ತಂದು ಅದರ ಮೇಲೆ ಬಿಳಿ ಪಂಚೆ ಹಾಸಿ, ತುಂಡುಗಳನ್ನು ಒಂದೊಂದಾಗಿ ಇಟ್ಟೆವು. ಚಿಕ್ಕಪ್ಪ ಮೊದಲ ಎರಡು ದಿನ ಏನನ್ನೂ ಅಂಟಿಸಲು ಬಿಡಲಿಲ್ಲ. ಎಲ್ಲವನ್ನೂ ಸೀಗೆಕಾಯಿ ನೀರಿನಲ್ಲಿ ತೊಳೆಸಿದ. ಅರ್ಧ ಮುರಿದ ಬ್ಲೇಡಿನಿಂದ ಅಂಚುಗಳನ್ನು ಹೆರೆಸಿದ. ಆಮೇಲೆ ಅಂಟಿಲ್ಲದೆ ಜೋಡಿಸುವುದು, ಬಿಚ್ಚುವುದು, ಮತ್ತೆ ಜೋಡಿಸುವುದು.

“ಬಿಚ್ಚೋಕೆ ಬರ್ದೆ ಇರೋನ್ಗೆ ಬಿಗಿಯೋಕೂ ಬರಲ್ಲ,” ಎನ್ನುತ್ತಿದ್ದ. ಅಷ್ಟೇ ಅವನ ಪಾಠ.

ಪಾತ್ರೆ ತೊಳೆಯುವ ಹಾಗೆ ತಿಕ್ಕುತ್ತಾ ನಾನು ಕೇಳುತ್ತಿದ್ದೆ, ಅವನು ಹೇಳುತ್ತಿದ್ದ. ಬರ್ಮಾದ ಕೆಸರಿನಲ್ಲಿ ಚಕ್ರಗಳನ್ನು ಸುತ್ತುವ ಉಕ್ಕಿನ ಪಟ್ಟಿ ಬಿಟ್ಟುಕೊಂಡರೆ ಅದನ್ನು ಹತ್ತು ಜನ ಎಳೆದರೂ ಆಗುತ್ತಿರಲಿಲ್ಲವಂತೆ. ಆ ಪಟ್ಟಿಯನ್ನು ಎಳೆದು ಗಾಡಿ ಓಡಿಸುವ ಚಕ್ರದ ಹಲ್ಲು ಸವೆದರೆ ಹಲ್ಲಿನ ಬಳೆಯನ್ನಷ್ಟೇ ಬಿಚ್ಚಿ ಬದಲಾಯಿಸುತ್ತಿದ್ದರಂತೆ. ಇದೇ ಷರ್ಮನ್‌ಗಳಲ್ಲಿ ಕೆಲವು ಇಪ್ಪತ್ತು ವರ್ಷದ ಮೇಲೆ, ಆ ಸೆಪ್ಟೆಂಬರಿನ ಯುದ್ಧದಲ್ಲೂ ನಮ್ಮ ಸೇನೆಯಲ್ಲಿದ್ದವು. ರೇಡಿಯೋದಲ್ಲಿ ಅದನ್ನು ಕೇಳಿದ ದಿನ ಚಿಕ್ಕಪ್ಪ ಎರಡು ತುತ್ತು ಹೆಚ್ಚು ಮುದ್ದೆ ಉಂಡಿದ್ದ.

“ಇದು ನಮ್ಮ ಗಾಡಿಗಿಂತ ಗಿಡ್ಡ,” ಎಂದ ಒಮ್ಮೆ, ಮಾದರಿಯ ಹಿಂಭಾಗವನ್ನು ಗೇಣಿನಲ್ಲಿ ಅಳೆಯುತ್ತಾ. “ನಮ್ದು ಐದು ಇಂಜಿನ್ ಇಡಿಸ್ಬೇಕಲ್ಲ, ಇಂದೆ ಉದ್ದ ಮಾಡಿದ್ರು.”

ಅಂಟಿಗೆ ಗುಂಡಣ್ಣನೇ ಗತಿ. ಪಂಕ್ಚರ್ ಹಾಕುವ ಸಲ್ಯೂಷನ್ ತರಲು ಚಿಕ್ಕಪ್ಪ ನನ್ನನ್ನು ಕಳಿಸಿದ. ಮೂಗಿಗೆ ಏರುವ ಆ ವಾಸನೆ ನನಗೆ ಈಗಲೂ ಗೊತ್ತು. ಅದು ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುತ್ತಿತ್ತು, ಆದರೆ ಬೆರಳಿಗೆ ನೂಲು ನೂಲಾಗಿ ಬರುತ್ತಿತ್ತು. ಸೂಜಿಯ ತುದಿಗೆ ಅದ್ದಿ ಹಚ್ಚುವುದನ್ನು ಚಿಕ್ಕಪ್ಪ ಕಲಿಸಿದ. ರಬ್ಬರಿನ ಪಟ್ಟಿಯ ಎರಡು ತುದಿಗಳನ್ನು ಕಾಯಿಸಿದ ಮೊಳೆಯಿಂದ ಕೂಡಿಸಿದ. ಎತ್ತಿನ ಗಾಡಿಗೆ ಬಳಿದು ಉಳಿದಿದ್ದ ಹಸಿರು ಬಣ್ಣಕ್ಕೆ ದೀಪದ ಮಸಿ ಬೆರೆಸಿ ಬಳಿದೆವು. ಹಲ್ಲುಚಕ್ರವನ್ನು ಚಿಕ್ಕಪ್ಪ ತನ್ನ ಕೈಯಾರೆ ಟ್ಯಾಂಕಿನ ಮುಂಭಾಗಕ್ಕೆ ಕೂರಿಸಿದ, ಹಲ್ಲಿಲ್ಲದ ಚಕ್ರವನ್ನು ಹಿಂದಕ್ಕೆ.

ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನೋಡಿದಳು. “ಇಷ್ಟು ದಿನ ಮಾಡಿದ್ದು ಇದನ್ನಾ? ಆಯುಧಪೂಜೆಗೆ ನೇಗಿಲ ಪಕ್ಕ ಇಡಾಣ. ಊರೋರೆಲ್ಲಾ ನೋಡ್ಲಿ, ನನ್ನ ಮಗ ಏನ್ ಮಾಡ್ತಿದ್ದ ಅಂತ.”

ಅಜ್ಜಿಗೂ ಆ ಅಡ್ಡಹೆಸರು ಗೊತ್ತಿತ್ತು ಎಂಬುದು ನನಗೆ ಆಗಲೇ ತಿಳಿದದ್ದು.

ಪೂಜೆಯ ಹಿಂದಿನ ದಿನ ಸಲ್ಯೂಷನ್ ಡಬ್ಬಿ ವಾಪಸು ಕೊಡಲು ಹೋದೆ. ಟ್ಯಾಂಕು ಮುಗಿಯಿತು, ನಾಳೆ ಬಂದು ನೋಡಿ ಎಂದು ಜಂಬದಿಂದ ಹೇಳಿದೆ. ಹಲ್ಲುಚಕ್ರ ಮುಂದಿದೆ ಎಂದೂ ಹೇಳಿದೆ.

ಗುಂಡಣ್ಣ ಟ್ಯೂಬು ಕೆಳಗಿಟ್ಟ. “ಮುಂದಾ? ಸೈಕಲ್ ಎಳೆಯೋದು ಯಾವ ಚಕ್ರಮ್ಮ? ಹಿಂದಿಂದು. ಬಸ್ಸು? ಹಿಂದಿಂದು. ಲಾರಿ? ಮೂವತ್ತು ವರ್ಷ ಚೈನು ಹಾಕಿದೀನಿ, ನಂಗ್ ಹೇಳ್ಬೇಡ.” ಆಮೇಲೆ ಗೋಡೆಗೆ ಅಂಟಿಸಿದ್ದ ಪತ್ರಿಕೆಯ ಹಾಳೆ ತೋರಿಸಿದ. ನಮ್ಮವರು ಹಿಡಿದ ಶತ್ರು ಟ್ಯಾಂಕಿನ ಚಿತ್ರ. “ನೋಡು. ಪೇಪರ್‌ನಾಗೇ ಬಂದೈತೆ.”

ಹತ್ತಿರ ಹೋಗಿ ನೋಡಿದೆ. ಹಲ್ಲುಗಳಿದ್ದ ಚಕ್ರ ಹಿಂದೆ ಇತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಮನೆಗೆ ಓಡಿದೆ. ಚಿಕ್ಕಪ್ಪ ಯಾರದೋ ತೋಟದ ಪಂಪಿಗೆ ಹೋಗಿದ್ದ. ನಾಳೆ ಊರೆಲ್ಲ ಬರುತ್ತದೆ, ನಗುತ್ತದೆ. ಅವನನ್ನು ಉಳಿಸುತ್ತಿದ್ದೇನೆ ಎಂದುಕೊಂಡೇ ಬ್ಲೇಡು ತೆಗೆದೆ. ಪಟ್ಟಿ ಕಳಚಿ, ಎರಡೂ ಕಡೆಯ ಹಲ್ಲುಚಕ್ರ ಕಿತ್ತೆ. ಕೀಳುವಾಗ ಬಣ್ಣ ಎದ್ದು ಬಂತು. ಅವನ್ನು ಹಿಂದಕ್ಕೆ ಸಿಕ್ಕಿಸಿ ಮೊರದಲ್ಲಿಟ್ಟೆ.

ಸಂಜೆ ಚಿಕ್ಕಪ್ಪ ಕಾಲು ತೊಳೆದು ಬಂದು ಜಗಲಿಯಲ್ಲಿ ಕೂತ. ಮೊರ ನೋಡಿದ.

“ಯಾರು ಕಿತ್ತಿದ್ದು?”

“ನಾನೇ.”

“ಯಾಕೆ?”

“ಪೇಪರ್‌ನಲ್ಲಿ ಹಿಂದೆ ಐತೆ. ಗುಂಡಣ್ಣನೂ ಹಿಂದೆನೇ ಅಂದ.” ಅವನು ಟ್ಯಾಂಕು ಎತ್ತಿಕೊಂಡು ಬಣ್ಣ ಎದ್ದ ಜಾಗವನ್ನು ಬೆರಳಿನಿಂದ ಸವರಿದ. ಅದನ್ನು ನೋಡಲಾರದೆ ಉಳಿದದ್ದನ್ನೂ ಹೇಳಿಬಿಟ್ಟೆ. “ನೀನು ಸುಳ್ಳು ಹೇಳ್ತೀಯ ಅಂತ ಎಲ್ಲಾರೂ ನಗ್ತಾರೆ ಚಿಕ್ಕಪ್ಪ. ನಂಗೆ ಶಾಲೆ ಕಡೆ ಹೋಗಕ್ಕೇ ನಾಚಿಕೆ.”

ಒಳಗೆ ಅಜ್ಜಿಯ ಕೈಬಳೆ ಸದ್ದು ನಿಂತಿತು.

ಚಿಕ್ಕಪ್ಪ ರೇಗಲಿಲ್ಲ. “ಆ ಪೇಪರ್ ಇಸ್ಕೊಂಡು ಬಾ ಓಗು,” ಎಂದ.

ಮತ್ತೆ ಓಡಿದೆ. ಗುಂಡಣ್ಣ ನಗುತ್ತಾ ಹಾಳೆಯನ್ನು ಗೋಡೆಯಿಂದ ಬಿಡಿಸಿ ಕೊಟ್ಟ. ಚಿಕ್ಕಪ್ಪ ಅದನ್ನು ಬಹಳ ಹೊತ್ತು ನೋಡಿದ. ಪಂಪಿನ ವಾಲ್ವು ನೋಡುವಾಗಲೂ ಹಾಗೇ ನೋಡುತ್ತಿದ್ದ.

“ಸರಿಯಾಗೇ ಬಂದೈತೆ,” ಎಂದ. “ಈ ಗಾಡಿಗೆ ಹಲ್ಲು ಇಂದೇನೇ. ಇದು ಬೇರೆ ಗಾಡಿ.”

ನಾನು ನಂಬಲಿಲ್ಲ. ನಂಬದಿರುವುದು ಮುಖದಲ್ಲಿ ಕಂಡಿರಬೇಕು. ಅವನು ಮಾದರಿಯನ್ನು ನನ್ನ ಕೈಗೆ ಕೊಟ್ಟ.

“ನನ್ನ ಮಾತು ಬಿಡು. ಇದರ ಮೂತಿ ಮುಟ್ಟಿ ನೋಡು. ಎಂಗೈತೆ?”

“ಉಬ್ಬಿದೆ. ಸಾಲಾಗಿ ಬೋಲ್ಟುಗಳಿವೆ.”

“ಬೋಲ್ಟು ಯಾಕ್ ಆಕ್ತಾರೆ?”

ಎಂಟು ದಿನದಲ್ಲಿ ಅಷ್ಟು ಕಲಿತಿದ್ದೆ. “ಬಿಚ್ಚೋಕೆ.”

“ಒಳಗೆ ಬಿಚ್ಚೋ ಅಂಥದ್ದು ಏನೋ ಐತೆ ಅಂತಾಯ್ತು. ಗೇರು. ಗೇರು ಮುಂದಿದ್ದು ಹಲ್ಲು ಇಂದಿದ್ರೆ, ತಿರುಗ್ಸೋರು ಯಾರು? ಈಗ ಪೇಪರ್‌ನಾಗಿನ ಗಾಡಿ ಮೂತಿ ನೋಡು.”

ನೋಡಿದೆ. ನುಣ್ಣಗಿತ್ತು, ದೋಣಿಯ ತಳದ ಹಾಗೆ. ಒಂದು ಬೋಲ್ಟೂ ಇರಲಿಲ್ಲ.

ಸೈಕಲ್ಲು ಬಸ್ಸಿನ ಬಗ್ಗೆ ಗುಂಡಣ್ಣ ತಪ್ಪು ಹೇಳಿರಲಿಲ್ಲ, ಪತ್ರಿಕೆಯೂ ತಪ್ಪು ಹಾಕಿರಲಿಲ್ಲ. ಒಂದು ಟ್ಯಾಂಕಿನ ಚಿತ್ರದಿಂದ ಇನ್ನೊಂದು ಟ್ಯಾಂಕಿಗೆ ತೀರ್ಪು ಕೊಟ್ಟವಳು ನಾನು. ಹಾಗೆಂದು ಈಗ ಬರೆಯಬಲ್ಲೆ. ಆಗ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ.

“ನೀನೇ ಹಾಕು ಚಿಕ್ಕಪ್ಪ.”

“ನೀನು ಕಿತ್ತಿದ್ದು, ನೀನೇ ಆಕು. ನಂಗೋಸ್ಕರ ಬ್ಯಾಡ. ನಿಂಗೆ ಯಾವ ಕಡೆ ನಿಜ ಅನ್ಸುತ್ತೋ ಆ ಕಡೆ ಆಕು.” ಹೇಳಿ ಎದ್ದು ಎತ್ತಿಗೆ ಹುಲ್ಲು ಹಾಕಲು ಹೋದ.

ಸಲ್ಯೂಷನ್ ಡಬ್ಬಿಯನ್ನು ವಾಪಸು ಕೊಟ್ಟಾಗಿತ್ತು. ನಾಚಿಕೆ ಬಿಟ್ಟು ಅವತ್ತು ಮೂರನೆಯ ಸಲ ಗುಂಡಣ್ಣನ ಅಂಗಡಿಗೆ ಹೋದೆ.

“ಹಿಂದಕ್ಕೆ ಹಾಕೋಕಾ?” ಎಂದ.

“ಮುಂದಕ್ಕೆ,” ಎಂದೆ. ಅವನ ಮುಖ ನೋಡಿಯೇ ಹೇಳಿದೆ.

ಮಾರನೆಯ ದಿನ ಅಂಗಳದಲ್ಲಿ ನೇಗಿಲು, ಕುಡುಗೋಲು, ಅಪ್ಪನ ಸೈಕಲ್ಲು, ಚಿಕ್ಕಪ್ಪನ ಸ್ಪ್ಯಾನರುಗಳು, ಸಾಲಿನ ಕೊನೆಗೆ ಗೇಣುದ್ದದ ಷರ್ಮನ್. ಅಜ್ಜಿ ಸೈಕಲ್ಲಿಗೆ ಇಟ್ಟಷ್ಟೇ ದೊಡ್ಡ ಕುಂಕುಮವನ್ನು ಅದಕ್ಕೂ ಇಟ್ಟಳು. ಚೆಂಡುಹೂವು ಸಿಕ್ಕಿಸಿದ ಮೇಲೆ ತೋಪು ಕಾಣಲಿಲ್ಲ. ಜನ ಬಂದರು. ಗುಂಡಣ್ಣನೂ ಹೊಸ ಅಂಗಿ ಹಾಕಿಕೊಂಡು ಬಂದು ಕುಕ್ಕರಗಾಲಿನಲ್ಲಿ ಕೂತ.

“ಹಲ್ಲು ಮುಂದೇನೇ ಇಟ್ಟಿದೀರಲ್ಲಪ್ಪ!”

ಯಾರೋ ನಕ್ಕರು. ನಾನು ಚಿಕ್ಕಪ್ಪನ ಕಡೆ ನೋಡಲಿಲ್ಲ. ಗುಂಡಣ್ಣನ ಬೆರಳು ಹಿಡಿದು ಟ್ಯಾಂಕಿನ ಮೂತಿಯ ಮೇಲಿಟ್ಟೆ. ಬೋಲ್ಟು, ಗೇರು, ಪತ್ರಿಕೆಯ ಚಿತ್ರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನ ಬೆರಳು ಬೋಲ್ಟುಗಳ ಸಾಲಿನ ಮೇಲೆ ಎರಡು ಸಲ ಓಡಾಡಿತು. ಮೂವತ್ತು ವರ್ಷ ಯಂತ್ರ ಮುಟ್ಟಿದ ಬೆರಳು ಅದು.

“ಹಂಗಾದ್ರೆ ಇಂಜಿನ್ ಹಿಂದೆ, ಗೇರು ಮುಂದೆ. ನಡುವೆ ಉದ್ದ ಷಾಫ್ಟು ಹೋಗ್ಬೇಕಲ್ಲ ಮುನಿಯಪ್ಪಣ್ಣ?”

“ಓಗ್ತದೆ. ತೋಪಿನೋರ ಕಾಲ ಕೆಳಗೆ.”

ಗುಂಡಣ್ಣ ಬಗ್ಗಿ ಟ್ಯಾಂಕಿನ ಹಿಂಭಾಗ ನೋಡಿದ. “ಐದು ಇಂಜಿನ್ನೂ ನಿಜಾನಾ ಹಂಗಾದ್ರೆ?”

“ನಾನು ಯಾವಾಗ ಅಲ್ಲ ಅಂದಿದ್ದೆ?”

ಈ ಸಲದ ನಗು ಬೇರೆ ಇತ್ತು. ಜನ ಹತ್ತಿರ ಸರಿದರು. ಚಿಕ್ಕಪ್ಪನಿಗೆ ಮಣೆ ಹಾಕಿದರು. ಪ್ರಶ್ನೆಗಳು ಶುರುವಾದವು. ಅವರ ಟ್ಯಾಂಕು ಹೆಚ್ಚಾ, ನಮ್ಮದು ಹೆಚ್ಚಾ? ನಮ್ಮವರು ಅವನ್ನು ಹೇಗೆ ಒಡೆದರು? ಇನ್ನೊಮ್ಮೆ ಬಂದರೆ ಯಾರು ಗೆಲ್ಲುತ್ತಾರೆ? ಇಪ್ಪತ್ತು ವರ್ಷದಲ್ಲಿ ಊರು ಅವನ ಬಾಯನ್ನೇ ನೋಡುತ್ತಾ ಕೂತದ್ದು ಅದೇ ಮೊದಲು.

ಚಿಕ್ಕಪ್ಪ ಪತ್ರಿಕೆಯ ಹಾಳೆಯನ್ನು ಮಡಚಿ ಗುಂಡಣ್ಣನಿಗೆ ಕೊಟ್ಟ. “ಆ ಗಾಡಿ ನಾನು ಬಿಚ್ಚಿಲ್ಲ. ಗೊತ್ತಿಲ್ಲ.”

ಇನ್ನೊಂದು ಪ್ರಶ್ನೆಗೂ ಅದೇ ಉತ್ತರ. ಮತ್ತೊಂದಕ್ಕೂ ಅದೇ. ಜನ ಸ್ವಲ್ಪ ಹೊತ್ತು ಕಾದು, ಕಡ್ಲೆಪುರಿ ಪೊಟ್ಟಣ ತೆಗೆದುಕೊಂಡು ಒಬ್ಬೊಬ್ಬರಾಗಿ ಎದ್ದರು.

“ಏನಣ್ಣ ನೀನು,” ಎಂದ ಗುಂಡಣ್ಣ ಹೋಗುವಾಗ, ನಿಜವಾದ ಬೇಸರದಿಂದ. “ಹಬ್ಬದ ದಿನ ಒಂದು ಸುಳ್ಳಾದ್ರೂ ಹೇಳ್ಬಾರ್ದಾ?”

ಐದಿಂಜಿನ್ ಎಂಬ ಹೆಸರು ಉಳಿಯಿತು, ಆದರೆ ಅದನ್ನು ಕೂಗುವ ದನಿ ಬದಲಾಯಿತು. ಮಾದರಿ ಎರಡು ಬೇಸಿಗೆ ಬಾಳಿತು. ಸಲ್ಯೂಷನ್ ಒಣಗಿ ಚಕ್ರಗಳು ಒಂದೊಂದಾಗಿ ಉದುರಿದವು. ರಾಗಿ ಹೊಲಗಳ ಮೇಲೆ ಈಗ ಅಪಾರ್ಟ್‌ಮೆಂಟ್‌ಗಳಿವೆ, ಅಂಗಡಿ ಇದ್ದ ಕಡೆ ಮೇಲ್ಸೇತುವೆಯ ನೆರಳು. ವಾಹನ ಎಣಿಸುವ ಆಟವನ್ನು ಇಂದಿನ ಮಕ್ಕಳಿಗೆ ಹೇಳಿಕೊಟ್ಟರೆ ನಗುತ್ತಾರೆ. ಇವು ಎಲ್ಲರೂ ಕಳೆದುಕೊಂಡವು, ನಾನೊಬ್ಬಳೇ ಅಲ್ಲ.

ನನಗೆ ನಷ್ಟವೆನಿಸುವುದು ಇನ್ನೊಂದು. ಮುಂದೆ ಮೂವತ್ತೈದು ವರ್ಷ ಸುದ್ದಿಮನೆಯಲ್ಲಿ ಕೂತೆ. ಯುದ್ಧವಾದಾಗ, ಪ್ರವಾಹವಾದಾಗ, ಸರ್ಕಾರ ಬಿದ್ದಾಗ ತಿಳಿದವರಿಗೆ ಫೋನ್ ಮಾಡಿದೆ. ಎಲ್ಲರಿಗೂ ಎಲ್ಲವೂ ಗೊತ್ತಿರುತ್ತಿತ್ತು. ಈಗಂತೂ ಫೋನನ್ನೂ ಮಾಡಬೇಕಿಲ್ಲ, ಕೇಳುವ ಮೊದಲೇ ಹೇಳುತ್ತಾರೆ. ಊರೆಲ್ಲ ಕೊನೆಗೂ ಕೇಳಲು ಕೂತ ದಿನ, ಕೈಗೆ ಸಿಕ್ಕಿದ ಮರ್ಯಾದೆಯನ್ನು ಬಿಚ್ಚಿಲ್ಲ, ಗೊತ್ತಿಲ್ಲ ಎಂಬ ಎರಡು ಮಾತಿನಲ್ಲಿ ಬಿಟ್ಟುಕೊಟ್ಟ ಅಂಥ ಇನ್ನೊಬ್ಬನನ್ನು ಆಮೇಲೆ ನಾನು ಕಾಣಲಿಲ್ಲ. ಅಂಗಳ ಖಾಲಿಯಾದಾಗ ಚಿಕ್ಕಪ್ಪನಿಗೆ ಏನನ್ನೋ ಕಳೆದುಕೊಂಡ ಹಾಗೂ ಇರಲಿಲ್ಲ. ಮಣೆಯಿಂದ ಎದ್ದು, ಸ್ಪ್ಯಾನರುಗಳ ಮೇಲೆ ಬಿದ್ದಿದ್ದ ಹೂವನ್ನು ಪಕ್ಕಕ್ಕೆ ಸರಿಸಿ, ಊಟಕ್ಕೆ ಎಲೆ ಹಾಕಿ ಆಯಿತೇ ಎಂದು ಒಳಗೆ ಕೇಳಿದ.