ಅರಬಿ ಮಾತ್ರ ಬರುವ ಮಗು

ತಮ್ಮನ ಹೆಂಡತಿ ಮಗುವಿನ ಜೊತೆ ಗಲ್ಫಿನಿಂದ ಪುತ್ತೂರು ಹತ್ತಿರದ ಸವಣೂರಿನ ನಮ್ಮ ಮನೆಗೆ ಬಂದಾಗ ಅವನಿಗೆ ಎರಡೂವರೆ ವರ್ಷ. ತಮ್ಮ ಅಲ್ಲೇ ಉಳಿದ. ಅಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮಗು ಹಗಲೆಲ್ಲ ಇದ್ದದ್ದು ಪಕ್ಕದ ಫ್ಲ್ಯಾಟಿನ ಅರಬಿ ಹೆಂಗಸಿನ ಹತ್ತಿರ. ನಮ್ಮಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಏನಾದರೂ ಬೇಕಾದರೆ ನಮ್ಮ ಕೈ ಹಿಡಿದು ಎಳೆಯುತ್ತಿದ್ದ.

"ಅವನಿಗೆ ಅರಬಿ ಮಾತ್ರ ಬರುದು" ಎಂದು ಉಮ್ಮ ಮೊಮ್ಮಗನ ಬಗ್ಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಬೇಸರವಿಲ್ಲ, ಹೆಮ್ಮೆ. ನಮಗೆಲ್ಲ ಅರಬಿ ಕುರ್‌ಆನಿನಲ್ಲಿ ಓದಿ ಗೊತ್ತು, ಮಾತಾಡಿ ಗೊತ್ತಿಲ್ಲ. ಹಾಲು ತರುವ ಪಕ್ಕದ ಮನೆಯ ಹೆಂಗಸು ನಗುತ್ತಿದ್ದರು: "ನಿಮ್ಮ ಶೇಖ್ ಸಾಹೇಬರು ನಮ್ಮಂಥವರ ಹತ್ರ ಮಾತಾಡುದುಂಟಾ ಮಾರಾಯ್ರೆ!"

ಮಾತು ತಡವಾದ ಮಕ್ಕಳ ನಾಲಿಗೆಗೆ ನಮ್ಮ ಕಡೆ ಬಜೆ ಬೇರು ತೇಯ್ದು ಹಚ್ಚುತ್ತಾರೆ. ಉಮ್ಮ ಇವನಿಗೆ ಅದನ್ನೂ ಮಾಡಲಿಲ್ಲ. ಮಾತು ಬರುವ ಮಗುವಿಗೆ ಬಜೆ ಎಂತಕ್ಕೆ?

ಉಮ್ಮ ಬೀಡಿ ಕಟ್ಟಿ ಓದಿಸಿದ ಮಗಳು ನಾನು. ಪುತ್ತೂರಿನ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಈ ಮನೆಯಲ್ಲಿ ಮೊದಲ ಡಿಗ್ರಿ ಮಾಡಿದೆ, ಈಗ ಕಡಬದಲ್ಲಿ ಟೀಚರ್. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಶಾಲೆಯಲ್ಲಿ ನೋಡಿ ಗೊತ್ತು, ಮಕ್ಕಳು ಒಬ್ಬರೇ ಆಡುವಾಗ ಯಾವ ಭಾಷೆಯಲ್ಲಾದರೂ ತಮ್ಮಷ್ಟಕ್ಕೆ ಏನಾದರೂ ಹೇಳಿಕೊಳ್ಳುತ್ತಾರೆ. ಇವನ ಆಟದಲ್ಲಿ ಕಾರಿಗೆ ಕಾರು ಬಡಿಯುವ ಸದ್ದು ಮಾತ್ರ.

ಡಾಕ್ಟರಿಗೆ ತೋರಿಸುವ ಎಂದೆ. ತಮ್ಮ ಫೋನಿನಲ್ಲಿ ರೇಗಿದ. "ನೀನು ಡಿಗ್ರಿ ಮಾಡಿದ್ದು ನನ್ನ ಮಗನಲ್ಲಿ ರೋಗ ಹುಡುಕ್ಲಿಕ್ಕಾ?"

ನಾನು ಜಗಳಕ್ಕೆ ಹೋಗಲಿಲ್ಲ. ಆ ಅರಬಿ ಹೆಂಗಸಿಗೆ ಫೋನ್ ಮಾಡುವ, ಅವನಿಗೆ ಬರುವ ಮಾತು ಯಾವುದೆಂದು ಕೇಳಿ ನಾವೂ ಕಲಿಯುವ ಎಂದೆ. ಇದು ಉಮ್ಮನಿಗೂ ಹಿಡಿಸಿತು.

ಶುಕ್ರವಾರ ಊಟವಾದ ಮೇಲೆ ವಿಡಿಯೋ ಕಾಲ್. ಅವಳ ಮುಖ ಕಂಡದ್ದೇ ಮಗು ಓಡಿಬಂದು ಮೊಬೈಲಿನ ಮೇಲೆ ಅಂಗೈ ಇಟ್ಟ. ಅವಳು ಏನೇನೋ ಹೇಳಿ ಮುದ್ದು ಮಾಡಿದಳು. ಇವನು ನಕ್ಕ, ಬಾಯಿ ತೆರೆದ. ಉಮ್ಮ ಮುಂದೆ ಬಾಗಿದಳು. ಮಾತು ಬರಲಿಲ್ಲ.

ತಮ್ಮನ ಹೆಂಡತಿ ತನಗೆ ಬರುವ ಅರ್ಧಂಬರ್ಧ ಅರಬಿಯಲ್ಲಿ ಕೇಳಿದಳು. ಆ ಕಡೆಯ ನಗು ನಿಂತಿತು. ಉತ್ತರ ಮುಗಿದ ಮೇಲೆ ಇವಳು ನಮ್ಮ ಕಡೆ ತಿರುಗದೆಯೇ ಹೇಳಿದಳು:

"ಅಲ್ಲಿಯೂ ಮಾತಾಡ್ತಿರಲಿಲ್ಲವಂತೆ. ಮನೆಯಲ್ಲಿ ನಮ್ಮ ಭಾಷೆ ಮಾತಾಡ್ತಾನೆ ಅಂತ ಅವರು ಗ್ರಹಿಸಿದ್ದು."

"ನೀನು?" ಎಂದೆ.

"ನಾನು... ಅವರ ಹತ್ರ ಅರಬಿ ಮಾತಾಡ್ತಾನೆ ಅಂತ."

ಅವಳು ಕಾಲ್ ಮುಗಿಸಿದಳು. ಮಗು ಕತ್ತಲಾದ ಮೊಬೈಲನ್ನು ತಟ್ಟುತ್ತಲೇ ಇದ್ದ. ನನ್ನ ಸಂಶಯ ನಿಜವಾಗಿತ್ತು. ಸುಳ್ಳಾಗಿದ್ದರೆ ತಮ್ಮನ ಬೈಗುಳವನ್ನು ಜೀವನಪೂರ್ತಿ ಖುಷಿಯಿಂದ ಕೇಳಿಕೊಂಡಿರುತ್ತಿದ್ದೆ.

ಮರುದಿನ ಬೆಳಿಗ್ಗೆ ಮಂಗಳೂರಿಗೆ, ಕಿವಿ ಮತ್ತು ಮಾತಿನ ಪರೀಕ್ಷೆಗೆ ಹೊರಟೆವು. ಅಡುಗೆಮನೆಯಲ್ಲಿ ಕಲ್ಲಿನ ಮೇಲೆ ಏನನ್ನೋ ತೇಯುವ ಸದ್ದು ಕೇಳಿತು. ಉಮ್ಮ ಬಜೆಗೆ ಜೇನು ಬೆರೆಸಿ ಬೆರಳ ತುದಿಯಲ್ಲಿ ಹಿಡಿದುಕೊಂಡು ಬಂದಳು.

"ಬಸ್ಸಿಗೆ ಹೊತ್ತಾಯ್ತು ಉಮ್ಮ."

"ಒಂದು ನಿಮಿಷ ನಿಲ್ಲು ಮಾರಾಯ್ತಿ."

ನಾನು ಬೇಡ ಎನ್ನಲಿಲ್ಲ. ಅವಳು ಅವನ ನಾಲಿಗೆಗೆ ಹಚ್ಚಿದಳು. ಘಾಟಿಗೆ ಅವನು ಮುಖ ಕಿವುಚಿ ತಾಯಿಯ ಹೆಗಲಿಗೆ ಬಾಯಿ ಒರೆಸಿದ. ನಾವು ಗೇಟು ದಾಟುವವರೆಗೂ ಉಮ್ಮ ಅದೇ ಬೆರಳನ್ನು ಎತ್ತಿ ಹಿಡಿದುಕೊಂಡು ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.